ಮಗುವಿನ ಮನಸ್ಸಿಗೆ ಅಳತೆಗೋಲು ಉಂಟೆ?

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯನ್ನು ವಾಚಕರು ಕ್ಷಣಕಾಲ ಮನಸ್ಸಿಗೆ ತಂದುಕೊಳ್ಳಲಿ. ಮೂರನೆಯ ತರಗತಿಯಲ್ಲಿ ಎಂಟು ವರ್ಷದ ಬಾಲಿಕೆಯೊಬ್ಬಳು ಕುಳಿತಿದ್ದಾಳೆ. ದೂರದ ಊರಿನಿಂದ ಬಂದ ಪರೀಕ್ಷಕರೊಬ್ಬರು ಆಕೆಯ ಮುಂದೆ ಚಿತ್ರಪಟವೊಂದನ್ನು ಹಿಡಿದು, "ಇದರಲ್ಲಿ ಪೊರಕೆ ಎಲ್ಲಿದೆ, ತೋರಿಸು" ಎನ್ನುತ್ತಾರೆ. ಬಾಲಿಕೆ ಸುಮ್ಮನೆ ನೋಡುತ್ತಾಳೆ. "ಚೊಂಬು ಎಲ್ಲಿದೆ?" ಉತ್ತರವಿಲ್ಲ. "ಈರುಳ್ಳಿ?" ಅದಕ್ಕೂ ಉತ್ತರವಿಲ್ಲ. ಪರೀಕ್ಷಕರು ಮೂರು ಸೊನ್ನೆಗಳನ್ನು ಬರೆದುಕೊಳ್ಳುತ್ತಾರೆ. ಅಷ್ಟರಲ್ಲಿ ತರಗತಿಯ ಶಿಕ್ಷಕಿಯು ಹತ್ತಿರ ಬಂದು, "ಯಾಕವ್ವಾ, ಕಸಬರಿಗಿ ಎಲ್ಲೈತಿ ತೋರಿಸು" ಎಂದೊಡನೆ ಆಕೆಯ ಬೆರಳು ಚಿತ್ರದ ಮೇಲೆ ಇಳಿಯುತ್ತದೆ. "ತಂಬಿಗಿ?" ಅದೂ ಸರಿ. "ಉಳ್ಳಾಗಡ್ಡಿ?" ಅದೂ ಸರಿ.

ಮಗು ಒಂದೇ, ಚಿತ್ರ ಒಂದೇ, ದಿನವೂ ಒಂದೇ. ಆದರೆ ಒಬ್ಬರ ಕೈಯಲ್ಲಿ ಮೂರು ಸೊನ್ನೆಗಳು ಬಂದವು, ಇನ್ನೊಬ್ಬರ ಕೈಯಲ್ಲಿ ಮೂರಕ್ಕೆ ಮೂರು ಅಂಕಗಳು ಬಂದವು. ಇವುಗಳಲ್ಲಿ ಮಗುವಿನ ಬುದ್ಧಿಗೆ ಸಂಬಂಧಿಸಿದ ಸತ್ಯ ಯಾವುದು? ಶಿಕ್ಷಕಿಯು ಆ ಹೊತ್ತಿಗೆ ಅಲ್ಲಿಗೆ ಬಾರದೆ ಹೋಗಿದ್ದರೆ ಕಾಗದದ ಮೇಲೆ ಸೊನ್ನೆಗಳಷ್ಟೇ ಉಳಿಯುತ್ತಿದ್ದವು. ಅವುಗಳ ಆಧಾರದ ಮೇಲೆ ಯಾರಾದರೊಬ್ಬರು "ಮಂದಬುದ್ಧಿ" ಎಂಬ ಪದವನ್ನು ಬರೆದುಬಿಟ್ಟರೆ ಅದು ಆ ಹುಡುಗಿಯ ಬೆನ್ನು ಬಿಡುವುದು ಕಷ್ಟ.

ಮೇಲಿನ ದೃಶ್ಯವು ನಮ್ಮ ಕಲ್ಪನೆ. ಆದರೆ ಅದರೊಳಗಿನ ತೊಡಕು ಕಲ್ಪನೆಯಲ್ಲ. ಉತ್ತರ ಕೊಡದ ಮಗುವಿಗೆ ಉತ್ತರ ತಿಳಿಯದೋ, ಪ್ರಶ್ನೆ ತಿಳಿಯದೋ, ಅಥವಾ ಹೇಳಲು ಅಂಜಿಕೆಯೋ ಎಂಬುದನ್ನು ಬೇರ್ಪಡಿಸಿ ನೋಡುವುದೇ ಶಿಶುಮನೋವಿಜ್ಞಾನದ ಮೊದಲ ಪಾಠ. ಬಹುಶಃ ಕೊನೆಯ ಪಾಠವೂ ಅದೇ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಾಲೇಜುಗಳಲ್ಲಿ ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ಶಾಸ್ತ್ರವನ್ನು ಸ್ನಾತಕೋತ್ತರ ಮಟ್ಟದಲ್ಲಿ ಅಭ್ಯಸಿಸಬೇಕೆಂದು ಬಯಸುತ್ತಿರಬಹುದು. ಈ ಶಾಸ್ತ್ರವೇನು, ಅದನ್ನು ಕಲಿಯುವುದು ಹೇಗೆ, ಕಲಿತವರಿಗೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೆಲಸವೇನು ಎಂಬುದನ್ನು ಇಲ್ಲಿ ವಿವೇಚಿಸೋಣ.

ಪ್ಯಾರಿಸ್ಸಿನಿಂದ ಕನ್ನಡ ನಾಡಿಗೆ

ಮಕ್ಕಳ ಬುದ್ಧಿಯನ್ನು ಅಳೆಯುವ ಪ್ರಯತ್ನವು ಹುಟ್ಟಿದ್ದು ಶಾಲೆಯ ಅವಶ್ಯಕತೆಯಿಂದ. ಫ್ರಾನ್ಸಿನಲ್ಲಿ ಶಿಕ್ಷಣವು ಕಡ್ಡಾಯವಾದಾಗ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಪಾಠವನ್ನು ಏರ್ಪಡಿಸುವ ಪ್ರಶ್ನೆ ಎದ್ದಿತು. ಶಿಕ್ಷಕರ ಅಭಿಪ್ರಾಯವೊಂದನ್ನೇ ನಂಬಿದರೆ, ತುಂಟನನ್ನೂ ದಡ್ಡನೆಂದು ಬರೆಯುವ ಭಯವಿತ್ತು. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ತಿಯೋಡೋರ್ ಸಿಮೋನ್ ಎಂಬಿಬ್ಬರು ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಸಾಗುವ ಮೂವತ್ತು ಪ್ರಶ್ನೆಗಳ ಒಂದು ಮಾಪಕವನ್ನು ಪ್ರಕಟಿಸಿದರು. ಯಾವ ವಯಸ್ಸಿನ ಸಾಮಾನ್ಯ ಮಕ್ಕಳು ಯಾವ ಪ್ರಶ್ನೆಗಳಿಗೆ ಉತ್ತರಿಸುತ್ತಾರೆಂಬುದನ್ನು ಮೊದಲು ನೋಡಿಕೊಂಡು, ಅದರೊಡನೆ ಒಂದು ಮಗುವಿನ ಉತ್ತರಗಳನ್ನು ಹೋಲಿಸುವುದೇ ಅವರ ಯುಕ್ತಿ. ಹೀಗೆ "ಮಾನಸಿಕ ವಯಸ್ಸು" ಎಂಬ ಕಲ್ಪನೆ ಬಂದಿತು.

1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಕ್ರಮವನ್ನು ಸೂಚಿಸಿದನು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ತನ್ನ ಪರಿಷ್ಕೃತ ಮಾಪಕದಲ್ಲಿ ಆ ಭಾಗಲಬ್ಧವನ್ನು ನೂರರಿಂದ ಗುಣಿಸುವ ರೂಢಿಯನ್ನು ಬಳಕೆಗೆ ತಂದನು. ಎಂಟು ವರ್ಷದ ಮಗುವು ಆರು ವರ್ಷದ ಮಕ್ಕಳು ಬಿಡಿಸುವ ಪ್ರಶ್ನೆಗಳನ್ನು ಮಾತ್ರ ಬಿಡಿಸಿದರೆ, 6ನ್ನು 8ರಿಂದ ಭಾಗಿಸಿ 100ರಿಂದ ಗುಣಿಸಿದಾಗ ಬರುವ 75 ಅದರ ಬುದ್ಧ್ಯಂಕ. ಬಿನೆಯು ಮಾತ್ರ ಬುದ್ಧಿಯೆಂಬುದು ಹುಟ್ಟಿನಿಂದ ಸ್ಥಿರವಾದ ಪ್ರಮಾಣವೆಂಬ ವಾದವನ್ನು ಒಪ್ಪಿದವನಲ್ಲ. ತಕ್ಕ ಅಭ್ಯಾಸದಿಂದ ಅದು ಬೆಳೆಯಬಲ್ಲದೆಂದೇ ಅವನ ನಂಬಿಕೆ. ಅವನು 1911ರಲ್ಲಿ ತೀರಿಕೊಂಡನು. ಅವನ ಮಾಪಕ ಉಳಿಯಿತು, ಅವನ ಎಚ್ಚರಿಕೆಯನ್ನು ಅನೇಕರು ಮರೆತರು.

ನಮ್ಮ ನಾಡಿನಲ್ಲಿ ಈ ಶಾಸ್ತ್ರವು ಬೇರೂರಿದ್ದು ತಡವಾಗಿಯೇನೂ ಅಲ್ಲ. ಲಂಡನ್ನಿನಲ್ಲಿ ಸ್ಪಿಯರ್ಮನ್ನನ ಬಳಿ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಭಾರತದಲ್ಲಿ ಅದಕ್ಕೆ ಮುಂಚೆ ಇದ್ದುದು 1916ರಲ್ಲಿ ಆರಂಭವಾದ ಕಲ್ಕತ್ತೆಯ ವಿಭಾಗ. ಉತ್ತರದ ಕನ್ನಡ ಪ್ರದೇಶದಲ್ಲಿ ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆಯ ಮಾಪಕವನ್ನು ಪರಿಷ್ಕರಿಸಿ 1934ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. 1940ರಲ್ಲಿ ಅದು ಗ್ರಂಥರೂಪವನ್ನೂ ಪಡೆಯಿತು. "ಬಿನೆ–ಕಾಮತ್ ಪರೀಕ್ಷೆ" ಎಂಬ ಹೆಸರಿನಿಂದ ಅದು ಇಂದಿಗೂ ಭಾರತದ ಆಸ್ಪತ್ರೆಗಳಲ್ಲಿಯೂ ಸಲಹಾ ಕೇಂದ್ರಗಳಲ್ಲಿಯೂ ಬಳಕೆಯಲ್ಲಿದೆ. ದೇಶಾದ್ಯಂತ ಬಳಸುವ ಒಂದು ಬುದ್ಧಿಮಾಪಕದ ಮೂಲದಲ್ಲಿ ಕನ್ನಡದ ಮಕ್ಕಳ ಉತ್ತರಗಳಿವೆಯೆಂಬುದು ನಮಗೆ ಹೆಮ್ಮೆಯ ವಿಷಯ.

ಸೇರಿನ ತಳ ತಗ್ಗಿದರೆ

ಹೆಮ್ಮೆಯ ಜೊತೆಗೆ ವಿವೇಚನೆಯೂ ಬೇಕು. ಕಾಳು ಅಳೆಯುವ ಸೇರನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಅದರ ತಳವು ಒಳಕ್ಕೆ ತಗ್ಗಿದ್ದರೆ ಅದು ಪ್ರತಿ ಸಾರಿಯೂ ಒಂದೇ ಪ್ರಮಾಣದ ಜೋಳವನ್ನು ಅಳೆಯುತ್ತದೆ; ಆದರೆ ಪ್ರತಿ ಸಾರಿಯೂ ಕಡಿಮೆ ಅಳೆಯುತ್ತದೆ. ಮತ್ತೆ ಮತ್ತೆ ಅಳೆದರೂ ಅದೇ ಫಲ ಬರುವ ಗುಣಕ್ಕೆ ಮನಶ್ಶಾಸ್ತ್ರದಲ್ಲಿ ವಿಶ್ವಸನೀಯತೆ ಎನ್ನುತ್ತಾರೆ. ಅಳೆಯಬೇಕಾದುದನ್ನೇ ಅಳೆಯುವ ಗುಣಕ್ಕೆ ಸಿಂಧುತ್ವವೆಂದು ಹೆಸರು. ತಗ್ಗಿದ ಸೇರಿಗೆ ಮೊದಲನೆಯ ಗುಣವುಂಟು, ಎರಡನೆಯದಿಲ್ಲ. ಪೊರಕೆಯ ಪ್ರಶ್ನೆಯನ್ನು ಕುಷ್ಟಗಿಯ ಮಗುವಿಗೆ ಹತ್ತು ದಿನ ಕೇಳಿದರೂ ಹತ್ತು ದಿನವೂ ಸೊನ್ನೆಯೇ ಬರಬಹುದು. ಅಂಕ ಸ್ಥಿರವಾಗಿದೆಯೆಂದು ನಾವು ಸಂತೋಷಪಡುವಂತಿಲ್ಲ. ಅಲ್ಲಿ ಅಳೆದದ್ದು ಬುದ್ಧಿಯನ್ನಲ್ಲ. ಮೈಸೂರು ಕಡೆಯ ಮಾತಿನ ಪರಿಚಯವನ್ನು.

ಕಾಮತ್ ಅವರ ಕಾಲದಲ್ಲಿ ಕೊಪ್ಪಳದ ಸೀಮೆಯು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿನ ಆಡಳಿತ ಹಾಗೂ ಶಿಕ್ಷಣದಲ್ಲಿ ಉರ್ದುವಿಗೆ ಪ್ರಾಧಾನ್ಯವಿತ್ತು. ಮುಂಬಯಿ ಪ್ರಾಂತದ ಮಕ್ಕಳಿಗಾಗಿ ಸಿದ್ಧವಾದ ಅಳತೆಯು ಗಡಿಯಾಚೆಯ ಮಕ್ಕಳಿಗೆ ಎಷ್ಟರ ಮಟ್ಟಿಗೆ ಹೊಂದುತ್ತದೆಂಬ ಪ್ರಶ್ನೆ ಆಗಲೇ ಕೇಳಬೇಕಾದುದು. ಇಂದು ಅದಕ್ಕಿಂತ ದೊಡ್ಡದಾದ ಇನ್ನೊಂದು ಪ್ರಶ್ನೆಯಿದೆ. ಪೀಳಿಗೆಯಿಂದ ಪೀಳಿಗೆಗೆ ಮಕ್ಕಳು ಇಂತಹ ಪರೀಕ್ಷೆಗಳಲ್ಲಿ ಪಡೆಯುವ ಅಂಕಗಳು ಅನೇಕ ದೇಶಗಳಲ್ಲಿ ಏರುತ್ತ ಬಂದಿವೆಯೆಂಬುದನ್ನು ಜೇಮ್ಸ್ ಫ್ಲಿನ್ 1984ರಲ್ಲಿಯೂ 1987ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ತೋರಿಸಿದನು. ಶಾಲೆ, ಆಹಾರ, ಆರೋಗ್ಯ, ಚಿತ್ರ ಮತ್ತು ಅಕ್ಷರಗಳ ಬಳಕೆ ಇವೆಲ್ಲವೂ ಬದಲಾದುದು ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ಹೀಗಿರುವಲ್ಲಿ ತೊಂಬತ್ತು ವರ್ಷಗಳ ಹಿಂದಿನ ಮಕ್ಕಳೊಡನೆ ಇಂದಿನ ಮಗುವನ್ನು ಹೋಲಿಸಿದರೆ ಆ ಮಗುವಿನ ಅಂಕ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಆದುದರಿಂದ ದೋಷಗಳು ಎರಡು. ಪರಿಚಯವಿಲ್ಲದ ಮಾತು ಅಂಕವನ್ನು ಇಳಿಸುತ್ತದೆ. ಹಳೆಯದಾದ ಮಾನದಂಡ ಅಂಕವನ್ನು ಏರಿಸುತ್ತದೆ. ಒಂದು ಇನ್ನೊಂದನ್ನು ಸರಿದೂಗಿಸುತ್ತದೆಯೆಂದು ತಿಳಿದರೆ ತಪ್ಪಾದೀತು. ಮೊದಲನೆಯ ದೋಷದಿಂದ ಚುರುಕಾದ ಮಗುವಿಗೆ ಮಂದವೆಂಬ ಹೆಸರು ಬರುತ್ತದೆ. ಎರಡನೆಯದರಿಂದ, ನಿಜವಾಗಿ ನೆರವು ಬೇಕಾದ ಮಗುವು ಅದಕ್ಕೆ ಅರ್ಹವಲ್ಲವೆಂದು ಬರಿಗೈಯಲ್ಲಿ ಮರಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಬೌದ್ಧಿಕ ನ್ಯೂನತೆ, ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಇವುಗಳೂ ಅದರಲ್ಲಿ ಸೇರಿವೆ. ಒಂದು ಪ್ರಮಾಣಪತ್ರದ ಮೇಲೆ ವಿದ್ಯಾರ್ಥಿವೇತನ, ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶ, ಮಾಸಾಶನ ಮುಂತಾದವು ನಿಂತಿರುವಾಗ ಅಂಕವೆಂಬುದು ಬರಿಯ ಅಂಕವಾಗಿ ಉಳಿಯುವುದಿಲ್ಲ.

ತಪ್ಪು ಉತ್ತರದ ಬೆಲೆ

ಅಂಕದಿಂದಾಚೆಗೆ ನೋಡಿದವರಲ್ಲಿ ಮೊದಲಿಗನೆಂದು ಹೇಳಬೇಕಾದವನು ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ. ತಾರುಣ್ಯದಲ್ಲಿ ಅವನು ಪ್ಯಾರಿಸ್ಸಿನ ಬಿನೆಯ ಪ್ರಯೋಗಶಾಲೆಯಲ್ಲಿ, ಸಿಮೋನನ ಸೂಚನೆಯಂತೆ, ಮಕ್ಕಳಿಗೆ ತರ್ಕದ ಪ್ರಶ್ನೆಗಳನ್ನು ಹಾಕುವ ಕೆಲಸದಲ್ಲಿ ತೊಡಗಿದ್ದನು. ಸರಿಯುತ್ತರಗಳನ್ನು ಎಣಿಸುವುದು ಅವನ ಕರ್ತವ್ಯ. ಆದರೆ ಅವನ ಮನಸ್ಸು ಹೋದದ್ದು ತಪ್ಪು ಉತ್ತರಗಳ ಕಡೆಗೆ. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪನ್ನು ಮಾಡುವುದನ್ನು ಕಂಡು, ಈ ತಪ್ಪಿನೊಳಗೂ ಒಂದು ಕ್ರಮವಿರಬೇಕೆಂದು ಅವನು ಊಹಿಸಿದನು. ಮಗುವಿನ ಮನಸ್ಸು ದೊಡ್ಡವರ ಮನಸ್ಸಿನ ಸಣ್ಣ ಪ್ರತಿಯಲ್ಲ; ಅದು ಬೇರೆಯದೇ ರೀತಿಯಲ್ಲಿ ಲೋಕವನ್ನು ಜೋಡಿಸಿಕೊಳ್ಳುತ್ತದೆಂಬುದು ಅವನ ಜೀವಮಾನದ ಸಂಶೋಧನೆಯ ಸಾರ.

ಇದರ ಒಂದು ಪ್ರಯೋಗವನ್ನು ವಾಚಕರು ಮನೆಯಲ್ಲಿಯೇ ಮಾಡಿ ನೋಡಬಹುದು. ಹನ್ನೆರಡು ಹುಣಸೆ ಬೀಜಗಳನ್ನು ಆರಾರರ ಎರಡು ಸಾಲುಗಳಾಗಿ ಎದುರುಬದುರು ಜೋಡಿಸಿರಿ. ನಾಲ್ಕೈದು ವರ್ಷದ ಮಗುವನ್ನು ಕರೆದು ಯಾವ ಸಾಲಿನಲ್ಲಿ ಹೆಚ್ಚು ಬೀಜಗಳಿವೆಯೆಂದು ಕೇಳಿದರೆ, ಎರಡೂ ಸಮವೆಂದು ಹೇಳುತ್ತದೆ. ಈಗ ಮಗುವಿನ ಕಣ್ಣೆದುರಿಗೇ ಒಂದು ಸಾಲಿನ ಬೀಜಗಳನ್ನು ದೂರದೂರ ಸರಿಸಿ ಮತ್ತೆ ಕೇಳಿರಿ. ಬಹುಮಟ್ಟಿಗೆ ಮಗುವು ಉದ್ದವಾದ ಸಾಲನ್ನು ತೋರಿಸಿ ಅದರಲ್ಲಿಯೇ ಹೆಚ್ಚು ಎನ್ನುತ್ತದೆ. ಆರೇಳು ವರ್ಷದ ಮಗುವಾದರೋ ನಕ್ಕು, ಎರಡೂ ಅಷ್ಟೇ ಎನ್ನುತ್ತದೆ. ಉದ್ದ ಬದಲಾದರೂ ಸಂಖ್ಯೆ ಬದಲಾಗದೆಂಬ ಈ ಅರಿವನ್ನು ಸಂರಕ್ಷಣೆಯ ಅರಿವೆಂದು ಕರೆಯುತ್ತಾರೆ.

ಆದರೆ ಶಾಸ್ತ್ರವು ಪಿಯಾಜೆಯಲ್ಲಿಗೇ ನಿಲ್ಲಲಿಲ್ಲ. ಪ್ರಶ್ನೆಯನ್ನು ಎರಡು ಸಾರಿ ಕೇಳದೆ, ಬೀಜಗಳನ್ನು ಸರಿಸಿದ ಮೇಲೆ ಒಂದೇ ಸಾರಿ ಕೇಳಿದರೆ ಮಕ್ಕಳು ತಪ್ಪುವುದು ಕಡಿಮೆಯೆಂದು 1974ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ ತಿಳಿದುಬಂದಿತು. ಸ್ಕಾಟ್ಲೆಂಡಿನಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಆಕೆಯ ಸಹೋದ್ಯೋಗಿಯು, ಪರೀಕ್ಷಕರ ಬದಲು ತುಂಟ ಕರಡಿಯ ಬೊಂಬೆಯೊಂದು ಬಂದು ಸಾಲನ್ನು ಕೆಡಿಸಿದಂತೆ ನಟಿಸಿದಾಗಲೂ ಹೆಚ್ಚು ಮಕ್ಕಳು ಸರಿಯಾಗಿ ಉತ್ತರಿಸುವುದನ್ನು ಕಂಡರು. ಇದಕ್ಕೆ ಕಾರಣವೇನು? ದೊಡ್ಡವರು ಬೇಕೆಂದೇ ಏನನ್ನೋ ಸರಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಮೊದಲಿನ ಉತ್ತರ ತಪ್ಪಿರಬೇಕೆಂದು ಮಗುವು ಭಾವಿಸುತ್ತದೆ. ನಮ್ಮ ತರಗತಿಗಳಲ್ಲಿಯೂ ಶಿಕ್ಷಕರು "ಇನ್ನೊಂದು ಸಲ ಹೇಳು" ಎಂದರೆ ಸರಿಯುತ್ತರ ಹೇಳಿದ ವಿದ್ಯಾರ್ಥಿಯೂ ಮಾತು ಬದಲಿಸುವುದುಂಟು. ಮಗು ಪ್ರಶ್ನೆಯನ್ನಷ್ಟೇ ಕೇಳುವುದಿಲ್ಲ, ಪ್ರಶ್ನೆ ಕೇಳುವವರ ಮುಖವನ್ನೂ ಓದುತ್ತದೆ.

ಬದುಕು ಕಲಿಸಿದ ಬುದ್ಧಿ

ಕೇಳುವ ರೀತಿಯಂತೆ ಬಾಳುವ ರೀತಿಯೂ ಉತ್ತರವನ್ನು ಬದಲಿಸುತ್ತದೆ. ಪಿಯಾಜೆಯು ಮಣ್ಣಿನ ಮುದ್ದೆಯಿಂದಲೂ ಇಂತಹದೇ ಪ್ರಶ್ನೆ ಕೇಳುತ್ತಿದ್ದನು: ಉಂಡೆಯನ್ನು ಹೊಸೆದು ಉದ್ದ ಮಾಡಿದರೆ ಮಣ್ಣು ಹೆಚ್ಚಾಯಿತೇ? 1969ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೆಕ್ಸಿಕೋ ದೇಶದ ಕುಂಬಾರರ ಮಕ್ಕಳು ಈ ಪ್ರಶ್ನೆಗೆ ಇತರ ಮನೆಗಳ ಮಕ್ಕಳಿಗಿಂತ ಉತ್ತಮವಾಗಿ ಉತ್ತರಿಸಿದರು. ದಿನವೂ ಮಣ್ಣು ಕಲಸುವ ಕೈಗೆ ಅದು ಆಗಲೇ ಗೊತ್ತಿದ್ದ ಸಂಗತಿ.

ಬ್ರೆಜಿಲ್ ದೇಶದ ರೆಸೀಫೆ ನಗರದ ಬೀದಿಗಳಲ್ಲಿ ಹಣ್ಣು ಮಾರುವ ಮಕ್ಕಳ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನವು ಇನ್ನೂ ಪ್ರಸಿದ್ಧವಾದುದು. ಸಂಶೋಧಕರು ಗಿರಾಕಿಗಳಂತೆ ಹೋಗಿ ಬೆಲೆ ಕೇಳಿದಾಗ ಮಕ್ಕಳು ನೂರಕ್ಕೆ 98ರಷ್ಟು ಲೆಕ್ಕಗಳನ್ನು ಬಾಯಲ್ಲಿಯೇ ಸರಿಯಾಗಿ ಬಿಡಿಸಿದರು. ಅವೇ ಲೆಕ್ಕಗಳನ್ನು ಬರಿಯ ಅಂಕಿಗಳ ರೂಪದಲ್ಲಿ ಕೊಟ್ಟಾಗ ಸರಿಯಾದವು ನೂರಕ್ಕೆ 37 ಮಾತ್ರ. ಪರೀಕ್ಷೆಗೆ ಒಳಗಾದ ಮಕ್ಕಳು ಐವರೇ ಆದುದರಿಂದ ಈ ಅಂಕಿಗಳನ್ನು ಎಲ್ಲ ಮಕ್ಕಳಿಗೂ ಅನ್ವಯಿಸಬಾರದು. ಆದರೆ ಅದು ಎತ್ತಿದ ಪ್ರಶ್ನೆ ದೊಡ್ಡದು. ವಾರದ ಸಂತೆಯಲ್ಲಿ ತಾಯಿಯ ಬದಿಗೆ ಕುಳಿತು ಚಿಲ್ಲರೆ ಎಣಿಸಿಕೊಡುವ ಹುಡುಗನು ಶಾಲೆಯ ಹಲಗೆಯ ಮುಂದೆ ಏಕೆ ತಡವರಿಸುತ್ತಾನೆಂಬುದನ್ನು ನಮ್ಮಲ್ಲಿ ಯಾರು ಕಂಡಿಲ್ಲ?

ಕೊಪ್ಪಳ ತಾಲ್ಲೂಕಿನ ಕಿನ್ನಾಳವನ್ನು ನೆನೆಯೋಣ. ಹಗುರವಾದ ಮರದಿಂದ ಬೊಂಬೆಗಳನ್ನು ಕಡೆದು ಬಣ್ಣ ಹಾಕುವ ಚಿತ್ರಗಾರರ ಊರು ಅದು. ಮರದ ತುಂಡಿನೊಳಗೆ ಆನೆಯನ್ನೋ ಗರುಡನನ್ನೋ ಕಾಣುವ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಆಕಾರ ಮತ್ತು ಅವಕಾಶಗಳ ಗ್ರಹಿಕೆ ಬೇಗ ಬರುವುದೇ? ಬರುವುದೆಂದು ನಾವು ಊಹಿಸಬಹುದು. ಆದರೆ ಊಹೆಯು ವಿಜ್ಞಾನವಲ್ಲ. ಅದೇ ವಯಸ್ಸಿನ, ಅದೇ ಶಾಲೆಯ, ಅಷ್ಟೇ ಅನುಕೂಲವುಳ್ಳ ಇತರ ಮಕ್ಕಳೊಡನೆ ಹೋಲಿಸಿ ನೋಡಿದ ಹೊರತು ಹೌದೆನ್ನಲಾಗದು. ಹೀಗೆ ಊಹೆಯನ್ನು ಪ್ರಶ್ನೆಯಾಗಿಯೂ ಪ್ರಶ್ನೆಯನ್ನು ಪರೀಕ್ಷೆಯಾಗಿಯೂ ಮಾರ್ಪಡಿಸುವ ಕೌಶಲವೇ ಸ್ನಾತಕೋತ್ತರ ವ್ಯಾಸಂಗದ ತಿರುಳು.

ಅಕ್ಷರ ಕಲಿಯಲು ಎಷ್ಟು ಕಾಲ?

ಕನ್ನಡದ ಮಕ್ಕಳನ್ನೇ ಕುರಿತು ನಡೆದ ಸಂಶೋಧನೆಯ ಒಂದು ಉದಾಹರಣೆಯನ್ನು ಹೇಳುವುದು ಇಲ್ಲಿ ಉಚಿತ. ಇಂಗ್ಲಿಷ್ ಓದಲು ಕಲಿಯುವ ಮಗುವಿಗೆ ಅಕ್ಷರಗಳು 26. ಕನ್ನಡದಲ್ಲಿಯಾದರೋ ವರ್ಣಮಾಲೆಯ ಮೂಲಾಕ್ಷರಗಳ ಮೇಲೆ ಕಾಗುಣಿತ, ಒತ್ತಕ್ಷರಗಳು ಸೇರಿ ನೂರಾರು ರೂಪಗಳಾಗುತ್ತವೆ. ಕನ್ನಡ ಶಾಲೆಗಳ ಮಕ್ಕಳ ಓದನ್ನು ಪರೀಕ್ಷಿಸಿದ ಸೊನಾಲಿ ನಾಗ್ ಅವರ 2007ರ ಅಧ್ಯಯನವು, ಈ ಅಕ್ಷರಜ್ಞಾನವು ಪೂರ್ಣವಾಗಲು ಇಂಗ್ಲಿಷಿಗಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ, ನಾಲ್ಕನೆಯ ತರಗತಿಯಲ್ಲಿಯೂ ಕಲಿಕೆ ಮುಂದುವರಿದಿರುತ್ತದೆ ಎಂದು ತೋರಿಸಿತು.

ಇದರಿಂದ ತಿಳಿಯುವುದೇನು? ಇಂಗ್ಲಿಷ್ ಮಕ್ಕಳ ವೇಗವನ್ನು ಅಳತೆಯಾಗಿ ಇಟ್ಟುಕೊಂಡರೆ ಮೂರನೆಯ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವ ಕನ್ನಡದ ಮಗುವಿಗೆ ಓದಿನ ನ್ಯೂನತೆಯಿದೆಯೆಂದು ತೋರಬಹುದು. ನಿಜವಾಗಿ ಅದು ತನ್ನ ಲಿಪಿಯ ಸಹಜ ವೇಗದಲ್ಲಿಯೇ ಸಾಗುತ್ತಿರಬಹುದು. ಇದರ ಮೇಲೆ ಗುಳೆಯ ಸಮಸ್ಯೆಯನ್ನು ಸೇರಿಸಿಕೊಳ್ಳಿರಿ. ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಅನೇಕ ಕುಟುಂಬಗಳು ಬೆಂಗಳೂರು, ಮಂಗಳೂರು, ಗೋವೆಗಳ ಕಡೆಗೆ ದುಡಿಯಲು ಹೋಗುತ್ತವೆ. ಕಾಗುಣಿತದ ನಡುವೆ ಶಾಲೆ ಬಿಟ್ಟು ಹೋದ ಮಗುವು ಮರಳಿ ಬಂದಾಗ ತರಗತಿಯು ಒತ್ತಕ್ಷರವನ್ನು ಮುಗಿಸಿರುತ್ತದೆ. ಆ ಮಗುವಿಗೆ ಬೇಕಾದುದು ತಪ್ಪಿಹೋದ ನಾಲ್ಕು ತಿಂಗಳ ಪಾಠ. ಅದಕ್ಕೆ ಸಿಗುವುದು ಹಲವು ವೇಳೆ "ತಲೆಗೆ ಹತ್ತುವುದಿಲ್ಲ" ಎಂಬ ಮಾತು. ಆದರೂ ಒಂದು ಎಚ್ಚರಿಕೆ ಅಗತ್ಯ. ಗುಳೆ ಹೋದ ಮಕ್ಕಳಲ್ಲಿಯೂ ನಿಜವಾದ ಕಲಿಕಾ ನ್ಯೂನತೆಯುಳ್ಳವರು ಇರಬಹುದು. ಎಲ್ಲವನ್ನೂ ಬಡತನದ ತಲೆಗೆ ಕಟ್ಟಿ ಅವರನ್ನು ಬಿಟ್ಟುಬಿಡುವುದೂ ಅನ್ಯಾಯವೇ. ಬೇರ್ಪಡಿಸಿ ನೋಡಬಲ್ಲ ಕಣ್ಣು ಬೇಕು.

ಸ್ನಾತಕೋತ್ತರದಲ್ಲಿ ಕಲಿಸುವುದೇನು?

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಶಿಶುಮನೋವಿಜ್ಞಾನವು ಬಹುಮಟ್ಟಿಗೆ ಮನಶ್ಶಾಸ್ತ್ರದ ಎಂ.ಎ. ಅಥವಾ ಎಂ.ಎಸ್‌ಸಿ. ಪದವಿಯ ಒಂದು ಭಾಗವಾಗಿದೆ. ವ್ಯಾಸಂಗದ ಅವಧಿ ಸಾಮಾನ್ಯವಾಗಿ ಎರಡು ವರ್ಷ. ಬೆಳವಣಿಗೆಯ ಮನಶ್ಶಾಸ್ತ್ರ, ಕಲಿಕೆ ಮತ್ತು ನೆನಪು, ವ್ಯಕ್ತಿತ್ವ, ಮನೋವಿಕಾರಗಳು, ಆಪ್ತಸಲಹೆ ಇವು ಅದರ ಮುಖ್ಯ ವಿಷಯಗಳು. ಇವುಗಳ ಜೊತೆಗೆ ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ಕ್ರಮಗಳು ಬರುತ್ತವೆ. ಮಕ್ಕಳ ಮೇಲಿನ ಪ್ರೀತಿಯಿಂದ ಈ ಶಾಸ್ತ್ರಕ್ಕೆ ಬಂದವರಲ್ಲಿ ಅನೇಕರಿಗೆ ಸಂಖ್ಯಾಶಾಸ್ತ್ರವು ಹೆದರಿಕೆ ತರುತ್ತದೆ. ಆದರೆ ನಾವು ಮೇಲೆ ನೋಡಿದ ಸೇರಿನ ತಗ್ಗನ್ನು ಕಂಡುಹಿಡಿಯುವ ಉಪಾಯ ಅದರಲ್ಲಿಯೇ ಇದೆ. ಅದನ್ನು ಬಿಟ್ಟು ಪ್ರೀತಿಯೊಂದರಿಂದ ಮಗುವಿನ ಮನಸ್ಸನ್ನು ತಿಳಿಯುವೆನೆಂಬುದು ದಾರಿ ಗೊತ್ತಿಲ್ಲದೆ ಬಂಡಿ ಹೂಡಿದಂತೆ.

ಪ್ರಾಯೋಗಿಕ ಭಾಗದಲ್ಲಿ ವಿದ್ಯಾರ್ಥಿಯು ಪರೀಕ್ಷೆಗಳನ್ನು ನಡೆಸುವ ಕ್ರಮವನ್ನು ಅಭ್ಯಾಸ ಮಾಡುತ್ತಾನೆ. ಬಿನೆ–ಕಾಮತ್ ಪರೀಕ್ಷೆಯ ಹೊರತಾಗಿ, ಮೈಸೂರಿನಲ್ಲಿ ಜೆ. ಭರತರಾಜ್ ಅವರು ರೂಪಿಸಿದ ಬೆಳವಣಿಗೆಯ ಪರೀಕ್ಷೆಯೂ ಬಳಕೆಯಲ್ಲಿದೆ. ಹುಟ್ಟಿನಿಂದ ಹದಿನೈದು ವರ್ಷಗಳವರೆಗಿನ ಬೆಳವಣಿಗೆಯನ್ನು 88 ಅಂಶಗಳಲ್ಲಿ ಗುರುತಿಸುವ ಈ ಪರೀಕ್ಷೆಗೆ ಬಹುಮಟ್ಟಿಗೆ ತಾಯಿಯ ಮಾತೇ ಆಧಾರ: ಕತ್ತು ನಿಂತದ್ದು ಯಾವಾಗ, ಮೊದಲ ಮಾತು ಬಂದದ್ದು ಯಾವಾಗ ಎಂದು ಕೇಳುತ್ತ ಹೋಗಬೇಕು. "ಯಕ್ಕಾ, ಮಗಾ ಹೊಳ್ಳಿ ಬೀಳಾಕ ಹತ್ತಿದ್ದು ಯಾವಾಗರೀ?" ಎಂದು ಕೇಳಬಲ್ಲ ವಿದ್ಯಾರ್ಥಿಗೆ ಸಿಗುವ ಉತ್ತರವು, ಅಚ್ಚಾದ ಪ್ರಶ್ನೆಯನ್ನು ಓದಿ ಹೇಳುವವನಿಗೆ ಸಿಗಲಾರದು. ತಾಯಿಗೆ ತಾರೀಖು ನೆನಪಿರದಿದ್ದರೂ ಗವಿಮಠದ ಜಾತ್ರೆಯ ಹೊತ್ತಿಗೆ ಕೂರುತ್ತಿತ್ತು, ಉಗಾದಿಗೆ ತೊದಲುತ್ತಿತ್ತು ಎಂಬುದು ನೆನಪಿರುತ್ತದೆ. ಅದರಿಂದ ತಿಂಗಳನ್ನು ಲೆಕ್ಕ ಹಾಕಿಕೊಳ್ಳಬಹುದು.

ನೀತಿಯ ಪಾಠವೂ ಇದರಲ್ಲಿ ಸೇರಿದೆ. ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಮಗುವನ್ನು ಪರೀಕ್ಷಿಸಕೂಡದು. ಅವರು ಒಪ್ಪಿದ ಮೇಲೂ ಮಗುವಿಗೆ ಮನಸ್ಸಿಲ್ಲದಿದ್ದರೆ ನಿಲ್ಲಿಸಬೇಕು. ಒಂದೇ ಪರೀಕ್ಷೆಯ ಅಂಕದಿಂದ ನಿರ್ಣಯ ಕೊಡಬಾರದು. ಮೊದಲು ಕಣ್ಣು ಕಿವಿಗಳನ್ನು ಪರೀಕ್ಷೆ ಮಾಡಿಸಬೇಕು. ಕಿವಿ ಮಂದವಾದ ಮಗುವನ್ನು ಬುದ್ಧಿಮಂದವೆಂದು ತಿಳಿದ ಪ್ರಸಂಗಗಳಿಗೆ ಈ ಶಾಸ್ತ್ರದ ಇತಿಹಾಸದಲ್ಲಿ ಕೊರತೆಯಿಲ್ಲ.

ಎಲ್ಲಿ ಕಲಿಯಬೇಕು?

ಮೈಸೂರು ಮತ್ತು ಬೆಂಗಳೂರುಗಳಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ವಿಭಾಗಗಳಿವೆ. ನಮ್ಮ ಸೀಮೆಗೆ ಸಮೀಪವಾದುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಕೊಪ್ಪಳದಿಂದ ಗದಗ, ಹುಬ್ಬಳ್ಳಿಗಳ ಮಾರ್ಗವಾಗಿ ರೈಲಿನಲ್ಲಿ ತಲುಪಬಹುದು. ಬಿ.ಎ. ಅಥವಾ ಬಿ.ಎಸ್‌ಸಿ.ಯಲ್ಲಿ ಮನಶ್ಶಾಸ್ತ್ರವನ್ನು ಓದಿದವರಿಗೆ ಸಾಮಾನ್ಯವಾಗಿ ಮೊದಲ ಆದ್ಯತೆ. ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದ ಮೇಲೆ ಕೊಪ್ಪಳವೂ ಸೇರಿದ ಈ ಭಾಗದ ವಿದ್ಯಾರ್ಥಿಗಳಿಗೆ ಇಲ್ಲಿನ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70ರಷ್ಟು, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ 8ರಷ್ಟು ಸ್ಥಾನಗಳು ಮೀಸಲಾಗಿವೆ. ಅರ್ಹತಾ ಪತ್ರವನ್ನು ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು ಜಾಣತನ.

ರೋಗಿಗಳಿಗೆ ಚಿಕಿತ್ಸೆ ನೀಡುವ ಮನಶ್ಶಾಸ್ತ್ರಜ್ಞರಾಗಬೇಕಾದರೆ ಎಂ.ಎ. ಪದವಿಯೊಂದೇ ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ವಿಶೇಷ ಶಿಕ್ಷಣವನ್ನು ಪಡೆದು, ಅದರಲ್ಲಿ ಹೆಸರನ್ನು ನೋಂದಾಯಿಸಬೇಕು. ಬಹುಕಾಲ ಈ ಶಿಕ್ಷಣವು ಎರಡು ವರ್ಷದ ಎಂ.ಫಿಲ್. ರೂಪದಲ್ಲಿತ್ತು, ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಹೆಸರಾದ ಕೇಂದ್ರ. 2022ರ ನಿಯಮಗಳು ಎಂ.ಫಿಲ್. ಪದವಿಯನ್ನು ಕೈಬಿಟ್ಟುದರಿಂದ ಈ ವ್ಯವಸ್ಥೆ ಮಾರ್ಪಾಟಾಗುತ್ತಿದೆ. ಇನ್ನೊಂದು ಸಂಗತಿಯನ್ನೂ ವಿದ್ಯಾರ್ಥಿಗಳು ಗಮನಿಸಬೇಕು. 2025ರ ಜುಲೈ–ಆಗಸ್ಟ್ ಸಾಲಿನಿಂದ ಮನಶ್ಶಾಸ್ತ್ರದ ಪದವಿಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್ ಕ್ರಮದಲ್ಲಾಗಲಿ ನೀಡಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು ಸೂಚಿಸಿದೆ. ಮನೆಯಲ್ಲಿಯೇ ಕುಳಿತು ಈ ಪದವಿ ಪಡೆಯಬಹುದೆಂದು ಯಾರಾದರೂ ಹೇಳಿದರೆ ಹಣ ಕಟ್ಟುವ ಮೊದಲು ಆ ಸಾಲಿನ ಅಧಿಕೃತ ಪ್ರಕಟಣೆಯನ್ನು ಓದಿ ನೋಡಬೇಕು.

ನಾಲ್ಕು ತಾಲ್ಲೂಕುಗಳ ಕೆಲಸ

ಕಲಿತು ಬಂದವರಿಗೆ ಇಲ್ಲಿ ಕೆಲಸವುಂಟೆ ಎಂದು ಕೆಲವರು ಕೇಳಬಹುದು. ದೇಶದ ಮಾನಸಿಕ ಆರೋಗ್ಯ ಸೇವೆಯ ಇತಿಹಾಸದಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಗೆ ವಿಶೇಷ ಸ್ಥಾನವಿದೆ. 1980ರ ದಶಕದ ನಡುಭಾಗದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ಬಾಗಿಲಿನಲ್ಲಿಯೇ ಮನೋರೋಗದ ಚಿಕಿತ್ಸೆ ದೊರೆಯುವಂತೆ ಮಾಡಿದ ಪ್ರಯೋಗವು ಅಲ್ಲಿ ನಡೆಯಿತು. ಆ "ಬಳ್ಳಾರಿ ಮಾದರಿ"ಯ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 1975ರಿಂದ ನಡೆದುಬಂದ ಅಂಗನವಾಡಿಗಳು, ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಲ್ಲಿ ಬೆಳವಣಿಗೆಯ ವಿಳಂಬವನ್ನೂ ಗುರುತಿಸಲೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2015ರಲ್ಲಿ ಕೊಪ್ಪಳಕ್ಕೆ ಬಂದ ವೈದ್ಯಕೀಯ ಕಾಲೇಜು ಇವೆಲ್ಲವೂ ಕೆಲಸದ ಕ್ಷೇತ್ರಗಳೇ. ಮಗುವು ಮಾತು ಕಲಿಯದಿರುವುದನ್ನು ಮೊದಲು ಕಾಣುವವಳು ಬಹುತೇಕ ಅಂಗನವಾಡಿಯ ಕಾರ್ಯಕರ್ತೆ. ಆಕೆ ಕಂಡುದನ್ನು ಕೇಳಿ ಅರ್ಥಮಾಡಿಕೊಳ್ಳಬಲ್ಲ ತಜ್ಞರು ಹತ್ತಿರದಲ್ಲಿರಬೇಕು.

ಸಂಶೋಧನೆಗಂತೂ ಈ ನಾಲ್ಕು ತಾಲ್ಲೂಕುಗಳು ತೆರೆದಿಟ್ಟ ಪುಸ್ತಕದಂತಿವೆ. ಕಿನ್ನಾಳದ ಮಕ್ಕಳ ಆಕಾರಗ್ರಹಣವನ್ನು ಹೇಳಿಯಾಯಿತು. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಗಂಗಾವತಿಯ ಕಾಲುವೆಯ ಬಯಲಿಗೆ ಆಂಧ್ರದ ರೈತರು ಬಂದು ನೆಲೆಸಿದ "ಕ್ಯಾಂಪು"ಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಪಟ್ಟಣಗಳ ಅನೇಕ ಮನೆಗಳಲ್ಲಿ ಉರ್ದು. ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿನ ಪದಸಂಪತ್ತನ್ನು ಒಂದೇ ಭಾಷೆಯಲ್ಲಿ ಎಣಿಸುವುದು ನ್ಯಾಯವೇ? ಕುಷ್ಟಗಿಯ ಗುಳೆಯ ಮಕ್ಕಳು ಮರಳಿ ಬಂದ ಎಷ್ಟು ದಿನಗಳಲ್ಲಿ ಓದನ್ನು ಹಿಡಿಯುತ್ತಾರೆ? ಯಲಬುರ್ಗಾದ ಅಂಗನವಾಡಿಗಳಲ್ಲಿ ಅಜ್ಜಿಯರ ಒಗಟು, ಕತೆಗಳನ್ನು ಪಾಠದಲ್ಲಿ ಸೇರಿಸಿದರೆ ಮಕ್ಕಳ ಮಾತು ಬೆಳೆಯುವುದೇ? ಇವುಗಳಲ್ಲಿ ಯಾವುದಾದರೊಂದು ಎಂ.ಎ. ವಿದ್ಯಾರ್ಥಿಯ ಪ್ರಬಂಧಕ್ಕೆ ಸಾಕಾದ ವಿಷಯ. ದುಬಾರಿಯಾದ ಉಪಕರಣಗಳು ಇದಕ್ಕೆ ಬೇಡ. ಚಿತ್ರಪಟ, ಟಿಪ್ಪಣಿ ಪುಸ್ತಕ, ಹೋಲಿಸಿ ನೋಡಲು ತಕ್ಕ ಇನ್ನೊಂದು ಗುಂಪು, ಮತ್ತು ಮಗುವಿನ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆ ಇದ್ದರೆ ಆಯಿತು.

ಮಗುವಿನ ಮನಸ್ಸಿಗೆ ಅಳತೆಗೋಲು ಉಂಟೆ ಎಂದು ಆರಂಭದಲ್ಲಿ ಕೇಳಿದೆವು. ಉಂಟು, ಒಂದಲ್ಲ, ಹಲವು. ಆದರೆ ಯಾವ ಕೋಲನ್ನು ಯಾರಿಗಾಗಿ, ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಕಡೆದರೆಂಬುದನ್ನು ತಿಳಿಯದೆ ಅದನ್ನು ಹಿಡಿಯುವವರಿಂದ ಮಕ್ಕಳಿಗೆ ಹಿತಕ್ಕಿಂತ ಅಹಿತವೇ ಹೆಚ್ಚಾದೀತು. ಕಾಮತ್ ಅವರು ಸುಮಾರು ತೊಂಬತ್ತು ವರ್ಷಗಳ ಹಿಂದೆ ಪರದೇಶದ ಮಾಪಕವನ್ನು ತಂದು ಕನ್ನಡದ ಮಕ್ಕಳ ಮುಂದಿಟ್ಟು ತಿದ್ದಿದರು. ಆ ತಿದ್ದುವ ಕೆಲಸವು ಮುಗಿದಿಲ್ಲ. ಕಸಬರಿಗಿ, ತಂಬಿಗಿ, ಉಳ್ಳಾಗಡ್ಡಿ ಎಂಬ ಮಾತುಗಳನ್ನು ತೊಟ್ಟಿಲಿನಲ್ಲಿಯೇ ಕೇಳಿದ ಹುಡುಗ ಹುಡುಗಿಯರು ಈ ಶಾಸ್ತ್ರವನ್ನು ಕಲಿತು ಊರಿಗೆ ಮರಳಿದರೆ, ಕುಷ್ಟಗಿಯ ಆ ಬಾಲಿಕೆಯ ಹೆಸರಿನ ಮುಂದಿನ ಸೊನ್ನೆಗಳನ್ನು ತಿದ್ದುವವರು ಸಿಕ್ಕಂತಾಗುತ್ತದೆ.